ಸಿನಿಮಾದಲ್ಲಿಲ್ಲದ ಕನ್ನಡ ಹಾಡಿಗೆ ದುಡ್ಡು ಕೊಡೋರು ಯಾರು?

(ವಾಶಿಯಲ್ಲಿ ಭಾನುವಾರ ಸಂಜೆ ನಡೆದ ಮಾತಿನ ಬರಹ ರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತ್ಕೊಂಡು ಓದ್ತೀವಿ ಅನ್ನೋರಿಗಾಗಿ. ಮಾತಿನಲ್ಲಿ ಬಂದ "ಅಂದ್ರೆ", "ಆಮೇಲೆ"ಗಳನ್ನ ಆದಷ್ಟು ಕಡಿಮೆ ಮಾಡಿದ್ದೇನೆ. ಕೊನೆಯಲ್ಲಿ ಮೂರು ಪ್ರಶ್ನೋತ್ತರ ಇವೆ.)

ಭಾನುವಾರ ಸಂಜೆ ಅಂದ್ರೆ ನಮಗೆಲ್ಲ ಬಟ್ಟೆ ಇಸ್ತ್ರಿ ಮಾಡೋ ಹೊತ್ತು. ಅದನ್ನ ಬಿಟ್ಟು ಬಂದಿದ್ದೀರಿ. ಥಾಣೆ, ಡೊಂಬಿವಲಿ, ಕಲ್ಯಾಣದಿಂದ ಬಂದವರೂ ಇದ್ದೀರಿ. ಥ್ಯಾಂಕ್ಸ್.

ಮೊದಲು ಒಂದು ಪ್ರಶ್ನೆ, ಕೈ ಎತ್ತಿ ಸಾಕು. ಈ ವಾರ ಕನ್ನಡ ಹಾಡು ಕೇಳಿದವರು ಎಷ್ಟು ಜನ? ಹಾಂ, ಹೆಚ್ಚುಕಮ್ಮಿ ಎಲ್ಲರೂ. ಅದರಲ್ಲಿ ಸಿನಿಮಾದ್ದಲ್ಲದ ಹಾಡು ಕೇಳಿದವರು? ಆರೇಳು ಕೈ. ಕಳೆದ ಒಂದು ವರ್ಷದಲ್ಲಿ ಸಿನಿಮಾದ್ದಲ್ಲದ ಒಂದು ಕನ್ನಡ ಹಾಡಿಗೆ ದುಡ್ಡು ಕೊಟ್ಟವರು? ಆ್ಯಪ್‌ನ ತಿಂಗಳ ಚಂದಾ ಬಿಟ್ಟು. ಒಂದೂ ಇಲ್ಲ.

ಇದರ ಬಗ್ಗೆಯೇ ಇವತ್ತು ಮಾತಾಡೋಣ. ಲೇಬಲ್ ಇಲ್ಲದೆ, ಸಿನಿಮಾ ಇಲ್ಲದೆ, ತಾವೇ ಹಾಡು ಕಟ್ಟಿ ಆಲ್ಬಂ ಮಾಡೋ ಕನ್ನಡದವರ ಕಥೆ. ಇವತ್ತು ಆಲ್ಬಂ ಮಾಡೋ ಯಂತ್ರ ಅಗ್ಗ ಆಗಿದೆ, ಆದರೆ ಆಲ್ಬಂ ಮಾಡಿ ಬದುಕೋದು ಮೊದಲಿಗಿಂತ ಕಷ್ಟ ಆಗಿದೆ. ಯಾಕೆ ಹೀಗೆ, ಅದರಲ್ಲಿ ನಮ್ಮಂಥವರ ಪಾತ್ರ ಏನು ಅನ್ನೋದು ವಿಷಯ.

ಆಲ್ಬಂ ಅನ್ನೋದು ಒಂದು ಅಳತೆ

ಎಲ್‌ಪಿ ತಟ್ಟೆಯ ಒಂದು ಬದಿಗೆ ಸುಮಾರು 22 ನಿಮಿಷ ಹಿಡೀತಿತ್ತು. ಕ್ಯಾಸೆಟ್ ಬಂದಾಗ 60 ನಿಮಿಷದ್ದು ಸಾಮಾನ್ಯ, ಬದಿಗೆ 30. ಸಿ.ಡಿ. ಬಂತು, 74 ನಿಮಿಷ ಒಟ್ಟಿಗೆ. ಹಾಡುಗಾರರು ಎಂಟು ಹತ್ತು ಹಾಡು ಒಟ್ಟುಮಾಡೋದು ಈ ಅಳತೆಯಿಂದ ಬಂದ ಅಭ್ಯಾಸ. ಆದರೆ ಅದರಿಂದ ಒಂದು ಒಳ್ಳೇದಾಯ್ತು. ಎ ಬದಿಯಲ್ಲಿ ಎಲ್ಲರೂ ಗುನುಗೋ ಹಾಡು ಇಟ್ರೆ, ಬಿ ಬದಿಯಲ್ಲಿ ನಿಧಾನದ್ದು, ಕಷ್ಟದ್ದು, ತಮಗೆ ಇಷ್ಟವಾದದ್ದು ಇಡಬಹುದಿತ್ತು. ಕ್ಯಾಸೆಟ್ ಕೊಂಡವರು ಬಿ ಬದಿಗೂ ದುಡ್ಡು ಕೊಟ್ಟಿರ್ತಿದ್ದರು. ಕೇಳಲಿ, ಬಿಡಲಿ, ದುಡ್ಡು ಕೊಟ್ಟಾಗಿತ್ತು.

ಈ ಮಾತು ನೆನಪಿಟ್ಕೊಳ್ಳಿ. ಮುಂದೆ ಬೇಕಾಗುತ್ತೆ.

ಕನ್ನಡದಲ್ಲಿ ಸಿನಿಮಾದಾಚೆ ಆಲ್ಬಂ ಅನ್ನೋದು ಮನೆಮನೆಗೆ ಹೋಗಿದ್ದು ಭಾವಗೀತೆಯ ಮೂಲಕ. 1978ರಲ್ಲಿ "ನಿತ್ಯೋತ್ಸವ" ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಅಂತ ಅದನ್ನ ಕರೀತಾರೆ. ಯೋಚನೆ ಮಾಡಿ. ಹೀರೋ ಇಲ್ಲ, ಕುಣಿತ ಇಲ್ಲ. ಒಬ್ಬ ಕವಿ, ಒಬ್ಬ ಹಾಡುಗಾರ. ನಮ್ಮ ಅಪ್ಪ ಅಮ್ಮಂದಿರ ಮನೆಯ ಶೋಕೇಸ್‌ನಲ್ಲಿ ಸಿನಿಮಾ ಕ್ಯಾಸೆಟ್‌ಗಳ ಪಕ್ಕದಲ್ಲೇ ಅದು ಕೂತಿತ್ತು.

ಸಂಬಳದ ಮೇಲೆ ನಿಂತ ಹಾಡು

ಈಗ ನಮ್ಮಂಥ ನೌಕರಿಯವರಿಗೆ ಹತ್ತಿರದ ಸಂಗತಿ. ಸಿ. ಅಶ್ವಥ್ ಅವರನ್ನ ನಾವೆಲ್ಲ ಗಾಯಕ, ಸಂಗೀತ ಸಂಯೋಜಕ ಅಂತ ನೋಡ್ತೀವಿ. ಅವರು ಬೆಂಗಳೂರಿನ ಐಟಿಐಯಲ್ಲಿ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ, ಸುಮಾರು 27 ವರ್ಷ ನೌಕರಿ ಮಾಡಿದವರು. ಶಿವಮೊಗ್ಗ ಸುಬ್ಬಣ್ಣ ವಕೀಲರು. ಷರೀಫರ ಪದಗಳನ್ನ ಹುಡುಕಿ, ತಿದ್ದಿ, ಅಶ್ವಥ್ ಅವರ ಕೈಗೆ ಬರೋ ಹಾಗೆ ಮಾಡಿದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮೇಷ್ಟ್ರು. ಆ ಕೆಲಸಕ್ಕೆ ಜನ ಅವರನ್ನ "ಷರೀಫ್ ಭಟ್ಟರು" ಅಂತಲೇ ಕರೆದರು.

ಅಂದ್ರೆ ನಾವು ಇವತ್ತು ಪರಂಪರೆ ಅಂತ ಕರೆಯೋದರ ದೊಡ್ಡ ಪಾಲು ಕಟ್ಟಿದ್ದು ಫ್ಯಾಕ್ಟರಿ, ಕೋರ್ಟು, ಕಾಲೇಜಿಗೆ ಹೋಗಿ ಬಂದು ಸಂಜೆ ಹಾರ್ಮೋನಿಯಂ ಮುಂದೆ ಕೂತವರು. ಸಂಬಳ ಅಕ್ಕಿ ಬೇಳೆ ನೋಡ್ಕೊಳ್ತಿತ್ತು. ಕ್ಯಾಸೆಟ್ ಕಂಪನಿ ಟೇಪು, ಸ್ಟುಡಿಯೋ ಖರ್ಚು ನೋಡ್ಕೊಳ್ತಿತ್ತು. ಅಂಗಡಿಗೆ ಹೋಗಿ ಕೊಳ್ಳೋ ಕೇಳುಗರು ಕ್ಯಾಸೆಟ್ ಕಂಪನಿಯನ್ನ ನೋಡ್ಕೊಳ್ತಿದ್ದರು. ಮೂರು ಕಾಲಿನ ಮಣೆ.

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರು "ಕನ್ನಡವೇ ಸತ್ಯ" ಮಾಡಿದಾಗ ಸೇರಿದ ಜನ ನೋಡಿ ಎಷ್ಟೋ ಮಂದಿಗೆ ಆಶ್ಚರ್ಯ ಆಯ್ತಂತೆ. ಆದರೆ ಅದು ಒಂದು ರಾತ್ರಿಯಲ್ಲಿ ಹುಟ್ಟಿದ ಜನ ಅಲ್ಲ. ಇಪ್ಪತ್ತೈದು ವರ್ಷ ಕ್ಯಾಸೆಟ್ ಕೊಂಡು ಕೊಂಡು ತಯಾರಾದ ಜನ.

ಮುಂಬೈನಲ್ಲಿ ಕಾಯ್ತಾ

ಆಮೇಲೆ ಮಣೆಯ ಕಾಲುಗಳು ಒಂದೊಂದೇ ಅಲುಗಾಡಿದವು. ಎಂಪಿ3 ಬಂತು, ಕ್ಯಾಸೆಟ್ ಹೋಯ್ತು. ಆ ಹೊತ್ತಿಗೆ ಬಂದವರು ರಘು ದೀಕ್ಷಿತ್.

ನಮ್ಮ ಮಹಾರಾಷ್ಟ್ರಕ್ಕೂ ಅವರಿಗೂ ನಂಟಿದೆ. ಹುಟ್ಟಿದ್ದು ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ, ಚಿನ್ನದ ಪದಕ, ಜೊತೆಗೆ ಭರತನಾಟ್ಯ. ಬೆಲ್ಜಿಯಂನಲ್ಲಿ ಸ್ವಲ್ಪ ಕಾಲ ಕೆಲಸ. ಬೆಂಗಳೂರಿನಲ್ಲಿ "ಅಂತರಾಗ್ನಿ" ಅನ್ನೋ ಬ್ಯಾಂಡ್ ಕಟ್ಟಿದರು, ಅದು ಒಡೀತು. ಹಾಡುಗಳು ಕೈಯಲ್ಲಿದ್ದವು, ಹಾಕೋ ಲೇಬಲ್ ಇರಲಿಲ್ಲ. ವರ್ಷಗಟ್ಟಲೆ ಒಂದಾದ ಮೇಲೊಂದು ಕಂಪನಿ ಬೇಡ ಅಂದವು. ಕನ್ನಡದ ಷರೀಫರ ಪದ, ಹಿಂದಿ ಹಾಡು, ಇಂಗ್ಲಿಷ್ ಹಾಡು ಎಲ್ಲ ಒಂದೇ ಆಲ್ಬಂನಲ್ಲಿ. ಅಂಗಡಿಯವನು ಇದನ್ನ ಯಾವ ಕಪಾಟಿನಲ್ಲಿ ಇಡಬೇಕು?

ಕಡೆಗೆ ಬಾಗಿಲು ತೆರೆದದ್ದು ಇಲ್ಲೇ, ನಮ್ಮ ವಾಶಿ ಖಾಡಿ ದಾಟಿದರೆ ಸಿಗೋ ಮುಂಬೈನಲ್ಲಿ. ಸಿನಿಮಾ ಸಂಗೀತ ಮಾಡೋ ವಿಶಾಲ್ ಮತ್ತು ಶೇಖರ್ ಅವರ ಹಾಡು ಕೇಳಿದರು, ತಮ್ಮದೇ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಅನ್ನೋ ಸಣ್ಣ ಲೇಬಲ್‌ನಿಂದ 2008ರಲ್ಲಿ ಆಲ್ಬಂ ತಂದರು. ಅದರಲ್ಲಿ ಒಂದು ಇಂಗ್ಲಿಷ್ ಹಾಡಿನ ಹೆಸರು "ಐಯಾಮ್ ಇನ್ ಮುಂಬೈ, ವೇಟಿಂಗ್ ಫಾರ್ ಎ ಮಿರಕಲ್". ಮುಂಬೈನಲ್ಲಿ ಕೂತು ಪವಾಡಕ್ಕೆ ಕಾಯ್ತಿರೋ ಮನುಷ್ಯ. ಪಿ.ಜಿ. ರೂಮಿನಲ್ಲಿ ಕೂತು ಆಫರ್ ಲೆಟರ್‌ಗೆ ಕಾದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅದೇ 2008ರಲ್ಲಿ ಅವರು ಸಂಗೀತ ಮಾಡಿದ "ಸೈಕೋ" ಸಿನಿಮಾದ ಮಾದೇಶ್ವರನ ಹಾಡು ಬಂತು. ಕರ್ನಾಟಕದ ಹೆಚ್ಚಿನ ಜನಕ್ಕೆ ಅವರ ದನಿ ಗೊತ್ತಾಗಿದ್ದು ಆ ಹಾಡಿನಿಂದ. ಆಲ್ಬಂ ಹೋಗಲು ಆಗದ ಹಳ್ಳಿಗೆ ಸಿನಿಮಾ ಒಂದೇ ವಾರದಲ್ಲಿ ಹೋಯ್ತು. ಇನ್ನು ಆಲ್ಬಂ ಏನಾಯ್ತು? 2010ರಲ್ಲಿ ಅವರು ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಎರಡು ವರ್ಷ ಹಳೆಯ ಆ ಆಲ್ಬಂ ಐಟ್ಯೂನ್ಸ್‌ನ ಬ್ರಿಟನ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಶಿಶುನಾಳದ ಷರೀಫರನ್ನ ಲಂಡನ್ನಿನವರು ದುಡ್ಡು ಕೊಟ್ಟು ಡೌನ್‌ಲೋಡ್ ಮಾಡ್ಕೊಂಡರು. 2013ರಲ್ಲಿ ಎರಡನೇ ಆಲ್ಬಂ "ಜಗ್ ಚಂಗಾ" ಬಂತು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಐದು ವರ್ಷ.

ಮೈಸೂರಿನವರೇ ಆದ ವಾಸು ದೀಕ್ಷಿತ್ ಹಾಡುವ "ಸ್ವರಾತ್ಮ" ಬ್ಯಾಂಡ್‌ನದೂ ಹೆಚ್ಚುಕಮ್ಮಿ ಇದೇ ದಾರಿ. ರೇಡಿಯೋ ಸಿಟಿ ಸ್ಪರ್ಧೆ ಗೆದ್ದರು, 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ "ಟೋಪಿವಾಲೆ". ಕಾವೇರಿ ನದಿ ತಾನೇ ಮಾತಾಡೋ ಹಾಡೊಂದು ಮೊದಲ ಆಲ್ಬಂನಲ್ಲಿದೆ. ಯಾವ ಸಿನಿಮಾ ನಿರ್ಮಾಪಕ ಅಂಥ ಸನ್ನಿವೇಶ ಬರೆಸ್ತಾನೆ ಹೇಳಿ. ಆಲ್ಬಂ ಬೇಕಾಗಿರೋದು ಇದಕ್ಕೆ. ಸಿನಿಮಾದಲ್ಲಿ ಜಾಗ ಸಿಗದ ಮಾತಿಗೆ ಒಂದು ಜಾಗ.

ಐರ್ಲೆಂಡ್‌ನ ಹುಡುಗ, ಮನೆಯಲ್ಲೇ ಸ್ಟುಡಿಯೋ

ಇದು ಕನ್ನಡದ್ದೊಂದೇ ಕಥೆ ಅನ್ಕೋಬೇಡಿ. ಪಕ್ಕದಲ್ಲಿ ದೊಡ್ಡ ಮಾರುಕಟ್ಟೆ ಇರೋ ಸಣ್ಣ ದೇಶಗಳಲ್ಲೆಲ್ಲ ಹೀಗೇ. ಐರ್ಲೆಂಡ್ ತಗೊಳ್ಳಿ. ಪಕ್ಕದಲ್ಲಿ ಲಂಡನ್, ಅದರಾಚೆ ಅಮೆರಿಕ.

ಡೇಮಿಯನ್ ರೈಸ್ ಅನ್ನೋ ಹಾಡುಗಾರ ಮೊದಲು ಜುನಿಪರ್ ಅನ್ನೋ ಬ್ಯಾಂಡ್‌ನಲ್ಲಿದ್ದ. ದೊಡ್ಡ ಲೇಬಲ್ ಜೊತೆ ಕರಾರು ಇತ್ತು. ಲೇಬಲ್ ಹೇಳಿದ ಹಾಗೆ ಹಾಡು ಕಟ್ಟೋದು ಬೇಸರವಾಗಿ ಬಿಟ್ಟು ಹೊರಟ. ಇಟಲಿಗೆ ಹೋದ, ವಾಪಸ್ ಬಂದ. ದೂರದ ಸಂಬಂಧಿ ಡೇವಿಡ್ ಆರ್ನಲ್ಡ್, ಜೇಮ್ಸ್ ಬಾಂಡ್ ಸಿನಿಮಾಗಳಿಗೆ ಸಂಗೀತ ಮಾಡಿದವರು, ಮನೆಯಲ್ಲೇ ರೆಕಾರ್ಡ್ ಮಾಡೋ ಸಲಕರಣೆ ಕೊಡಿಸಿದರು. ಅದರಲ್ಲೇ "ಓ" ಅನ್ನೋ ಆಲ್ಬಂ ಆಯ್ತು. 2002ರಲ್ಲಿ ಐರ್ಲೆಂಡ್‌ನಲ್ಲಿ ತನ್ನದೇ ಲೇಬಲ್ ಹೆಸರಲ್ಲಿ ಬಿಡುಗಡೆ ಮಾಡಿದ. ಆಮೇಲೆ ಅದು ಜಗತ್ತು ಸುತ್ತಿತು.

ಇಲ್ಲಿ ಗಮನಿಸಬೇಕಾದ್ದು ಸಲಕರಣೆಗಿಂತ ಹೆಚ್ಚಾಗಿ ಆ ಊರಿನ ಜನ. ಐರ್ಲೆಂಡ್‌ನ ಜನಸಂಖ್ಯೆ 2022ರ ಗಣತಿಯಲ್ಲಿ ಸುಮಾರು 51 ಲಕ್ಷ. ಕನ್ನಡ ತಾಯಿನುಡಿಯವರು 2011ರ ಗಣತಿಯಲ್ಲೇ 4 ಕೋಟಿ 37 ಲಕ್ಷ. ನಮ್ಮ ಎಂಟನೇ ಒಂದು ಪಾಲೂ ಇಲ್ಲದ ದೇಶ. ಆದರೆ ಅಲ್ಲಿ ವರ್ಷದ ಒಳ್ಳೆಯ ಐರಿಷ್ ಆಲ್ಬಂಗೆ ಚಾಯ್ಸ್ ಮ್ಯೂಸಿಕ್ ಪ್ರೈಜ್ ಅಂತ ಒಂದು ಪ್ರಶಸ್ತಿ ಇದೆ. 2005ರ ಆಲ್ಬಂಗಳಿಗೆ ಮೊದಲ ಸಲ ಕೊಟ್ಟಾಗ ಗೆದ್ದದ್ದು ಜೂಲಿ ಫೀನಿ ತಾನೇ ಹೊರತಂದ "ಥರ್ಟೀನ್ ಸಾಂಗ್ಸ್". ದೊಡ್ಡ ಕಂಪನಿಯದ್ದಲ್ಲ. 2022ರಲ್ಲಿ ಅಲ್ಲಿನ ಸರ್ಕಾರ 2,000 ಕಲಾವಿದರನ್ನ ಆರಿಸಿ ವಾರಕ್ಕೆ 325 ಯೂರೋ ಹಾಗೆ ಮೂರು ವರ್ಷ ಕೊಡೋ ಪ್ರಯೋಗ ಶುರು ಮಾಡ್ತು. ಅಶ್ವಥ್ ಅವರಿಗೆ ಐಟಿಐ ಸಂಬಳ ಏನು ಮಾಡ್ತೋ, ಅದನ್ನ ಅಲ್ಲಿ ಸರ್ಕಾರ ಮಾಡೋಕೆ ನೋಡ್ತು.

ವಾಶಿಯ ಫ್ಲ್ಯಾಟ್‌ನಲ್ಲಿ ಆಲ್ಬಂ

ಈಗ ನಮ್ಮೂರಿಗೆ ಬರೋಣ. ನನ್ನ ಗೆಳೆಯ ಒಬ್ಬ, ಹುಬ್ಬಳ್ಳಿಯವನು, ಐರೋಲಿಯಲ್ಲಿ ಟೆಸ್ಟಿಂಗ್ ಕೆಲಸ. ಎರಡು ವರ್ಷದಿಂದ ಎಂಟು ಕನ್ನಡ ಹಾಡು ಕಟ್ಟಿದ್ದಾನೆ. ಹೆಸರು ಹೇಳಬೇಡ ಅಂದಿದ್ದಾನೆ, ಆಲ್ಬಂ ಬರೋವರೆಗೆ. ಅವನು ಕೆಲಸ ಮಾಡೋ ರೀತಿ ಹೇಳ್ತೀನಿ, ಇವತ್ತು ಆಲ್ಬಂ ಹೇಗಾಗುತ್ತೆ ಅನ್ನೋದು ಗೊತ್ತಾಗುತ್ತೆ.

ದನಿ ರೆಕಾರ್ಡ್ ಮಾಡೋದು ಬಟ್ಟೆ ಕಪಾಟಿನ ಬಾಗಿಲು ತೆಗೆದು, ಬಟ್ಟೆಗಳ ಕಡೆ ಮುಖ ಮಾಡಿ, ಬೆನ್ನ ಹಿಂದೆ ರಜಾಯಿ ತೂಗುಹಾಕಿ. ಬಟ್ಟೆ, ಹತ್ತಿ ಪ್ರತಿಧ್ವನಿಯನ್ನ ನುಂಗುತ್ತವೆ. ಹೊರಗಿನ ಸದ್ದಿಗೆ ಮಾತ್ರ ರಜಾಯಿ ಕೇಳಲ್ಲ. ಅದಕ್ಕೆ ಅವನ ಕೆಲಸ ಕೊನೇ ಲೋಕಲ್ ಹೋದ ಮೇಲೆ, ಮೊದಲನೇ ಲೋಕಲ್ ಬರೋದರ ಒಳಗೆ. ಎಪಿಎಂಸಿ ಕಡೆ ಲಾರಿ ಹೋದರೆ ಆ ಟೇಕ್ ಹೋಯ್ತು. ಮಳೆಗಾಲದಲ್ಲಿ ಎರಡು ತಿಂಗಳು ದನಿ ರೆಕಾರ್ಡಿಂಗೇ ಇಲ್ಲ, ಕಿಟಕಿಯ ತಗಡಿನ ಮೇಲೆ ಹನಿ ಬೀಳೋ ಸದ್ದು.

ತಬಲಾ ಬಂದದ್ದು ಹುಬ್ಬಳ್ಳಿಯಿಂದ, ಕೊಳಲು ಬೆಂಗಳೂರಿಂದ. ಇವನು ಮೊದಲು ತಾಳಕ್ಕೆ ಕ್ಲಿಕ್, ಶ್ರುತಿ, ಒಂದು ಕಚ್ಚಾ ಹಾಡು ಕಳಿಸ್ತಾನೆ. ಅವರು ಕೇಳ್ಕೊಂಡು ನುಡಿಸಿ ಫೈಲ್ ವಾಪಸ್ ಕಳಿಸ್ತಾರೆ. ಒಂದೇ ನಿಯಮ: ಎಲ್ಲರೂ ಸೊನ್ನೆಯಿಂದ ಶುರುಮಾಡಿ ಫೈಲ್ ಕಳಿಸಬೇಕು, 24 ಬಿಟ್, 48 ಕಿಲೋಹರ್ಟ್ಸ್. ಕೊಳಲು ಎರಡನೇ ನಿಮಿಷಕ್ಕೆ ಬಂದರೂ ಫೈಲ್ ಮೊದಲಿಂದ ಇರಬೇಕು. ಇಲ್ಲಾಂದ್ರೆ ಕೂರಿಸೋಕೆ ರಾತ್ರಿಯೆಲ್ಲ ಬೇಕು. ಗಿಟ್ ಬಳಸೋ ನಮಗೆ ಇದು ಅರ್ಥ ಆಗುತ್ತೆ. ಎಲ್ಲರೂ ಒಂದೇ ಕಮಿಟ್‌ನಿಂದ ಶುರು ಮಾಡ್ಬೇಕು.

ಆಮೇಲೆ ಮಿಕ್ಸಿಂಗ್. ಎಲ್ಲ ದನಿಗಳ ಏರಿಳಿತ ಹೊಂದಿಸೋದು. ಇಲ್ಲಿ ಕನ್ನಡದ್ದೇ ಆದ ಒಂದು ತೊಂದರೆ ಇದೆ. ಕನ್ನಡ ಗೊತ್ತಿಲ್ಲದ ಎಂಜಿನಿಯರ್ ಕೈಗೆ ಹಾಡು ಹೋದರೆ ಅವನು ದನಿಯನ್ನ ಒಂದು ವಾದ್ಯದ ಹಾಗೆ ನೋಡ್ತಾನೆ. ಒತ್ತಕ್ಷರ ನುಂಗಿಹೋಗುತ್ತೆ, ಪದದ ಕೊನೆಯ ಸ್ವರ ತಬಲಾದ ಅಡಿಗೆ ಹೋಗುತ್ತೆ. "ಕಣ್ಣು" ಅನ್ನೋದು "ಕಣು" ಆಗುತ್ತೆ. ಭಾವಗೀತೆಯ ಹಳೇ ಕ್ಯಾಸೆಟ್‌ಗಳಲ್ಲಿ ವಾದ್ಯ ಕಡಿಮೆ, ಪದ ಮುಂದೆ. ಅಲ್ಲಿ ಕವಿಯೇ ಯಜಮಾನ. ನನ್ನ ಗೆಳೆಯ ಮಿಕ್ಸ್ ಮಾಡೋನಿಗೆ ಸಾಹಿತ್ಯದ ಹಾಳೆಯಲ್ಲಿ ಒತ್ತಕ್ಷರಗಳಿಗೆ ಹಳದಿ ಬಣ್ಣ ಹಚ್ಚಿ ಕಳಿಸಿದ.

ಕೊನೆಗೆ ಮಾಸ್ಟರಿಂಗ್, ಅಂದ್ರೆ ಎಂಟೂ ಹಾಡು ಒಂದೇ ಮನೆಯವರ ಹಾಗೆ ಕೇಳಿಸೋ ಕೆಲಸ. ಆಮೇಲೆ ಪ್ರತಿ ಹಾಡಿಗೆ 12 ಅಕ್ಷರದ ಐಎಸ್ಆರ್‌ಸಿ ಅನ್ನೋ ಗುರುತಿನ ಸಂಖ್ಯೆ. ಹಾಡಿನ ಆಧಾರ್ ಅನ್ನಿ. ವಿತರಕ ಕಂಪನಿಗೆ ಅಪ್‌ಲೋಡ್ ಮಾಡಿದರೆ ಎಲ್ಲ ಆ್ಯಪ್‌ಗಳಿಗೂ ಹೋಗುತ್ತೆ. 1978ರಲ್ಲಿ ಇದಕ್ಕೆಲ್ಲ ಒಂದು ಕಂಪನಿ, ಒಂದು ಕಾರ್ಖಾನೆ, ಊರೂರಿನ ಅಂಗಡಿಗಳು ಬೇಕಿತ್ತು. ಈಗ ಲ್ಯಾಪ್‌ಟಾಪ್ ಸಾಕು. ಹಾಗಾದರೆ ತೊಂದರೆ ಎಲ್ಲಿ?

ಲೆಕ್ಕ ಹಾಕೋಣ

ಕೆಳಗಿನ ಸಂಖ್ಯೆಗಳು ಯಾರ ಬಿಲ್ಲೂ ಅಲ್ಲ, ಲೆಕ್ಕಕ್ಕೆ ಅಂತ ನಾನು ಇಟ್ಕೊಂಡವು. ನಿಮಗೆ ಗೊತ್ತಿರೋ ದರ ಹಾಕಿ ಬದಲಿಸ್ಕೊಳ್ಳಿ.

ಎಂಟು ಹಾಡು. ವಾದ್ಯದವರಿಗೆ ಹಾಡಿಗೆ 15,000 ಅಂದ್ರೆ 1,20,000. ಮಿಕ್ಸಿಂಗ್ ಹಾಡಿಗೆ 12,000 ಅಂದ್ರೆ 96,000. ಮಾಸ್ಟರಿಂಗ್ ಹಾಡಿಗೆ 3,000, ಒಟ್ಟು 24,000. ಸ್ಟುಡಿಯೋ ಬೇಕಾದ ಕಡೆ 40 ಗಂಟೆ, ಗಂಟೆಗೆ ಸಾವಿರ, 40,000. ಮುಖಪುಟ, ವಿತರಣೆ, ಚಿಲ್ಲರೆ 20,000. ಕೂಡಿದರೆ ಮೂರು ಲಕ್ಷ. ಹಾಡಿದವನಿಗೆ, ಬರೆದವನಿಗೆ ಇದರಲ್ಲಿ ಒಂದು ರೂಪಾಯಿಯೂ ಇಲ್ಲ.

ಸ್ಟ್ರೀಮಿಂಗ್‌ನಲ್ಲಿ ಒಂದು ಸಲ ಕೇಳಿದರೆ ಹತ್ತು ಪೈಸೆ ಬರುತ್ತೆ ಅನ್ಕೊಳ್ಳಿ. ಮೂರು ಲಕ್ಷ ವಾಪಸ್ ಬರೋಕೆ 30 ಲಕ್ಷ ಸಲ ಕೇಳಬೇಕು.

ಅದೇ ಆಲ್ಬಂನ್ನ ಬ್ಯಾಂಡ್‌ಕ್ಯಾಂಪ್‌ನಂಥ ಕಡೆ 300 ರೂಪಾಯಿಗೆ ಮಾರಿದರೆ? ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟಕ್ಕೆ 15 ಪರ್ಸೆಂಟ್ ತಗೊಳ್ಳುತ್ತೆ. ಉಳಿಯೋದು 255. ಮೂರು ಲಕ್ಷಕ್ಕೆ ಸುಮಾರು 1,200 ಜನ ಸಾಕು.

30 ಲಕ್ಷ ಕೇಳುವಿಕೆ, ಇಲ್ಲವೇ 1,200 ಜನ. ನವಿ ಮುಂಬೈ, ಥಾಣೆ, ಡೊಂಬಿವಲಿ, ಕಲ್ಯಾಣ ಸೇರಿಸಿದರೆ ನಾವೇ 1,200 ಜನ ಸಿಗಲ್ವಾ? ಒಂದು ಸಿನಿಮಾ ಟಿಕೆಟ್, ಒಂದು ಪಾಪ್‌ಕಾರ್ನ್ ಸೇರಿದರೆ ಆ ದುಡ್ಡು ದಾಟುತ್ತೆ.

ಸ್ಟ್ರೀಮಿಂಗ್‌ನ ನಿಯಮಗಳು ಹಾಡಿನ ಆಕಾರವನ್ನೂ ಬದಲಿಸ್ತಿವೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ ಮೇಲೆ ಅದು ಒಂದು ಸ್ಟ್ರೀಮ್. ಹಾಗಾಗಿ ನಲವತ್ತು ಸೆಕೆಂಡ್ ಆಲಾಪ ಮಾಡಿ ನಿಧಾನವಾಗಿ ಪದಕ್ಕೆ ಬರೋ ತತ್ವಪದ ನಷ್ಟದ ವ್ಯಾಪಾರ. 2024ರಿಂದ ಇನ್ನೊಂದು ನಿಯಮ: ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಸೊನ್ನೆ. ಆಲ್ಬಂನಲ್ಲಿ ಎರಡು ಹಾಡು ಓಡಿ ಆರು ಹಾಡು ನಿಂತರೆ ಆ ಆರಕ್ಕೆ ಏನೂ ಇಲ್ಲ. ಬಿ ಬದಿಯ ಮಾತು ನೆನಪಿಡಿ ಅಂದಿದ್ದೆನಲ್ಲ. ಕ್ಯಾಸೆಟ್‌ನಲ್ಲಿ ನಾವು ಮೊದಲೇ, ನಂಬಿ, ಇಡೀ ಆಲ್ಬಂಗೆ ಕೊಡ್ತಿದ್ವಿ. ಈಗ ಆಮೇಲೆ, ಅಳೆದು, ಹಾಡಿಗಿಷ್ಟು ಅಂತ ಕೊಡ್ತೀವಿ. ಕಳೆದುಹೋಗಿರೋದು ಆ ಮುಂಗಡದ ನಂಬಿಕೆ. ಅದಕ್ಕೇ ಹುಡುಗರು ಆಲ್ಬಂ ಬಿಟ್ಟು ಒಂದೊಂದೇ ಸಿಂಗಲ್ ಬಿಡ್ತಾರೆ.

ಪದ ಯಾರದು?

ಇನ್ನೊಂದು ವಿಷಯ ಬೇಗ ಹೇಳ್ತೀನಿ. ನನ್ನ ಗೆಳೆಯನಿಗೆ ಬೇಂದ್ರೆಯವರ ಒಂದು ಕವಿತೆ ಹಾಡಬೇಕು ಅಂತ ಆಸೆ ಇತ್ತು. ನಮ್ಮ ಕಾಯ್ದೆ ಪ್ರಕಾರ ಕವಿ ತೀರಿಹೋದ ಮೇಲೆ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಬೇಂದ್ರೆಯವರು ತೀರಿಕೊಂಡದ್ದು 1981, ಅಂದ್ರೆ 2041ರ ಕೊನೆವರೆಗೆ. ಕುವೆಂಪು 1994, ಅಂದ್ರೆ 2054. ಒಪ್ಪಿಗೆ ಕೇಳಬೇಕು. ಕೇಳೋದು ಸರಿಯೂ ಹೌದು. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ, ವಚನ, ದಾಸರ ಪದ ಎಲ್ಲ ಊರ ಕೆರೆಯ ನೀರು. ಹೊಸ ಬ್ಯಾಂಡ್‌ಗಳು ಷರೀಫರ ಕಡೆ ಹೋಗೋಕೆ ಪ್ರೀತಿಯ ಜೊತೆ ಇದೂ ಒಂದು ಅನುಕೂಲ ಅಂತ ನನ್ನ ಊಹೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಷರೀಫರ ಪದ ಎಲ್ಲರದು, ಅಶ್ವಥ್ ಹಾಕಿದ ರಾಗ ಎಲ್ಲರದಲ್ಲ. ಅವರು ತೀರಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ. ಆ ರಾಗ ಬಳಸಿ ಆಲ್ಬಂ ಮಾಡೋದಾದರೆ ಒಪ್ಪಿಗೆ ಬೇಕು, ಹೆಸರು ಹಾಕಬೇಕು. ನನ್ನ ಗೆಳೆಯ ಷರೀಫರ ಪದವೊಂದಕ್ಕೆ ತನ್ನದೇ ರಾಗ ಕಟ್ಟಿದ. ಉಳಿದ ಏಳು ಹಾಡು ತಾನೇ ಬರೆದ. 2012ರ ತಿದ್ದುಪಡಿ ಆದಮೇಲೆ ಹಾಡು ಬರೆದವರು, ರಾಗ ಹಾಕಿದವರು ಹಕ್ಕನ್ನ ಕಂಪನಿಗೆ ಬರೆದುಕೊಟ್ಟರೂ ರಾಯಲ್ಟಿಯ ಸಮಪಾಲು ಅವರ ಕೈಬಿಟ್ಟು ಹೋಗಲ್ಲ. ಆದರೆ ಅದು ಬರಬೇಕಾದರೆ ಹೆಸರು ಸರಿಯಾಗಿ ದಾಖಲಾಗಿರಬೇಕು. ಅಪ್‌ಲೋಡ್ ಮಾಡುವಾಗ "ಸಾಹಿತ್ಯ" ಅನ್ನೋ ಜಾಗ ಖಾಲಿ ಬಿಡೋರು ಇದ್ದಾರೆ. ಖಾಲಿ ಜಾಗಕ್ಕೆ ದುಡ್ಡು ಬರಲ್ಲ.

ಚಂದಾ ಅನ್ನೋ ಹಳೇ ಪದ

ಹಾಗಾದರೆ ದಾರಿ ಏನು? ಹೊಸ ಆ್ಯಪ್ ಬೇಕಿಲ್ಲ. ನಮ್ಮ ಹತ್ತಿರ ಹಳೇ ದಾರಿ ಇದೆ.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಓದುಗರಿಂದ ಚಂದಾ ತಗೊಂಡು ವರ್ಷಕ್ಕೆ ಇಷ್ಟು ಪುಸ್ತಕ ಅಂತ ಕೊಡೋದು. ಯಾವ ಪುಸ್ತಕ ಬರುತ್ತೆ ಅಂತ ಚಂದಾದಾರರಿಗೆ ಮೊದಲೇ ಗೊತ್ತಿರಲೇಬೇಕು ಅಂತಿಲ್ಲ. ನಂಬಿಕೆ. ಆ ನಂಬಿಕೆಯ ಮೇಲೆ ಕನ್ನಡದ ದೊಡ್ಡ ದೊಡ್ಡ ಪುಸ್ತಕಗಳು ಬಂದವು.

ನಮ್ಮ ಕಾಲದಲ್ಲೇ ಇನ್ನೊಂದು. ಪವನ್ ಕುಮಾರ್ "ಲೂಸಿಯಾ" ಸಿನಿಮಾಕ್ಕೆ ದುಡ್ಡು ಬೇಕು ಅಂತ ಬ್ಲಾಗ್‌ನಲ್ಲಿ ಬರೆದರು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ಹಾಕಿದರು. 2013ರಲ್ಲಿ ಸಿನಿಮಾ ಬಂತು. ಅಂದ್ರೆ ಕನ್ನಡಿಗರು ಮುಂಗಡ ಕೊಡಲ್ಲ ಅನ್ನೋದು ಸುಳ್ಳು. ಕೇಳೋರು ಕೇಳಿದರೆ ಕೊಡ್ತಾರೆ.

ಅದೇ ಲೆಕ್ಕ ಸಂಗೀತಕ್ಕೆ ಹಾಕಿ. ವರ್ಷಕ್ಕೆ 1,200 ರೂಪಾಯಿ, ತಿಂಗಳಿಗೆ ನೂರು. ಸಾವಿರ ಚಂದಾದಾರರು. 12 ಲಕ್ಷ. ಮೂರು ಲಕ್ಷದ ಹಾಗೆ ವರ್ಷಕ್ಕೆ ನಾಲ್ಕು ಕನ್ನಡ ಆಲ್ಬಂ. ಹಾಡುಗಾರ ಲೈಕ್ ಎಣಿಸಬೇಕಿಲ್ಲ. ನಲವತ್ತು ಸೆಕೆಂಡ್ ಆಲಾಪ ಮಾಡಬಹುದು. ಬಿ ಬದಿ ವಾಪಸ್ ಬರುತ್ತೆ.

ಇದಕ್ಕೆ ಹೊಸ ಸಂಸ್ಥೆಯನ್ನೇ ಕಟ್ಟಬೇಕು ಅಂತ ನಾನು ಹೇಳ್ತಿಲ್ಲ. ಮುಂಬೈನಲ್ಲಿ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ನಮ್ಮ ಸುತ್ತ ಕನ್ನಡ ಸಂಘಗಳಿವೆ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸ್ತೀವಿ, ಸಿನಿಮಾ ಹಾಡು ಹಾಡಿಸ್ತೀವಿ. ತಪ್ಪೇನಿಲ್ಲ. ಆ ಖರ್ಚಿನ ಒಂದು ಪಾಲು ತೆಗೆದಿಟ್ಟು ವರ್ಷಕ್ಕೊಬ್ಬ ಹೊಸ ಹಾಡುಗಾರನ ಆಲ್ಬಂನ ನೂರು ಪ್ರತಿ ಮೊದಲೇ ಕೊಂಡರೂ ಸಾಕು. ಶುರು ಆಗುತ್ತೆ.

ಪ್ರಶ್ನೆ, ಉತ್ತರ

*ಒಳ್ಳೇ ಹಾಡಾದರೆ ತಾನಾಗೇ ಓಡುತ್ತಲ್ವಾ?*

ಓಡಿದ ಹಾಡುಗಳು ಕಣ್ಣಿಗೆ ಕಾಣ್ತವೆ, ಓಡದೆ ಉಳಿದ ಒಳ್ಳೇ ಹಾಡು ಕಾಣಲ್ಲ. ಹಾಗಾಗಿ ನಮಗೆ ಹಾಗನ್ಸುತ್ತೆ. ರಘು ದೀಕ್ಷಿತರ ಹಾಡುಗಳು ಲೇಬಲ್‌ಗಳು ಬೇಡ ಅಂದಾಗಲೂ ಅವೇ ಹಾಡು, ಬ್ರಿಟನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದಾಗಲೂ ಅವೇ ಹಾಡು. ನಡುವೆ ಯಾರೋ ಇಬ್ಬರು ಪೂರ್ತಿ ಕೂತು ಕೇಳಿದರು, ದುಡ್ಡು ಹಾಕಿದರು. ಬದಲಾಗಿದ್ದು ಅಷ್ಟೇ.

*ಈಗ ಎಐ ಎರಡು ನಿಮಿಷದಲ್ಲಿ ಕನ್ನಡ ಹಾಡು ಮಾಡಿಕೊಡುತ್ತೆ. ಮೂರು ಲಕ್ಷ ಯಾಕೆ?*

ಆಫೀಸಿನಲ್ಲಿ ನಾನೂ ದಿನಾ ಎಐ ಬಳಸ್ತೀನಿ, ದ್ವೇಷ ಏನಿಲ್ಲ. ಅದು ಈಗಾಗಲೇ ಇರೋ ಹಾಡುಗಳ ಸರಾಸರಿ ಕೊಡುತ್ತೆ. ಸಿನಿಮಾ ಹಾಡು ಹೆಚ್ಚಿರೋ ಕಡೆ ಸರಾಸರಿಯೂ ಸಿನಿಮಾ ಹಾಡಿನ ಹಾಗೇ ಇರುತ್ತೆ. ಹುಬ್ಬಳ್ಳಿ ಹುಡುಗ ವಾಶಿಯಲ್ಲಿ ಕೂತು ತನ್ನ ಅಜ್ಜಿಯ ಮಾತಿನಲ್ಲಿ ಹಾಡು ಬರೆದರೆ ಅದು ಯಾವ ಸರಾಸರಿಯಲ್ಲೂ ಇಲ್ಲ. ಆ ಮೂರು ಲಕ್ಷದಲ್ಲಿ ಮುಕ್ಕಾಲು ಪಾಲು ತಬಲಾದವರಿಗೆ, ಕೊಳಲಿನವರಿಗೆ, ಮಿಕ್ಸ್ ಮಾಡೋರಿಗೆ ಹೋಗೋದು. ಅದು ಅವರ ಮನೆ ನಡೆಸೋ ದುಡ್ಡು. ನಮ್ಮ ಸಂಬಳದ ಬಗ್ಗೆ ಯಾರಾದರೂ "ಎರಡು ನಿಮಿಷದ ಕೆಲಸ" ಅಂದರೆ ನಾವು ಸುಮ್ಮನಿರ್ತೀವಾ?

*ನಾನು ಮನೆಯಲ್ಲಿ ಅಮ್ಮನ ಹಳೇ ಕ್ಯಾಸೆಟ್‌ಗಳನ್ನ ಎಸೆಯೋಕೆ ಇಟ್ಟಿದ್ದೆ. ಏನು ಮಾಡ್ಲಿ?*

ಎಸೀಬೇಡಿ. ಮೊದಲು ಒಳಗಿನ ಹಾಳೆ ತೆಗೆದು ಓದಿ. ಸಾಹಿತ್ಯ ಯಾರು, ಸಂಗೀತ ಯಾರು ಅಂತ ಅಚ್ಚಾಗಿರುತ್ತೆ. ಇವತ್ತಿನ ಎಷ್ಟೋ ಆ್ಯಪ್‌ಗಳಲ್ಲಿ ಅದೇ ಹಾಡಿನ ಕೆಳಗೆ ಕವಿಯ ಹೆಸರು ಸಿಗಲ್ಲ. ಫೋಟೋ ತೆಗೆದಿಡಿ, ಟೇಪ್ ತಣ್ಣಗಿರೋ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ನವಿ ಮುಂಬೈ ತೇವಕ್ಕೆ ಬೂಷ್ಟು ಬೇಗ ಹಿಡಿಯುತ್ತೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಆಮೇಲೆ ಅಮ್ಮನ್ನ ಒಂದು ಮಾತು ಕೇಳಿ, ಆ ಕ್ಯಾಸೆಟ್ ಕೊಂಡಾಗ ಹಾಡು ಮೊದಲೇ ಕೇಳಿದ್ರಾ ಅಂತ. ಬಹುಶಃ ಇಲ್ಲ ಅಂತಾರೆ. ಕವಿಯ ಹೆಸರು ನೋಡಿ ಕೊಂಡೆ ಅಂತಾರೆ. ಅಷ್ಟು ನಂಬಿಕೆ ನಾವು ತೋರಿಸಿದರೆ ಸಾಕು, ಹಾಡೋರು ಇದ್ದಾರೆ.

ಹೊರಗೆ ಚಹಾ ಇದೆ. ತಡವಾದವರು ಥಾಣೆ ಗಾಡಿ ನೋಡ್ಕೊಳ್ಳಿ.